ಗೋಡೆಯ ಮೇಲೆ ಬರೆದವರು

ಜಾಹೀರಾತು ಎಂದ ಕೂಡಲೆ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಅನೇಕರು ಮೂಗು ಮುರಿಯುವದನ್ನು ನಾನು ಬಲ್ಲೆ. ಅದು ವ್ಯಾಪಾರಸ್ಥರ ಸಂಗತಿ, ಕಲಾವಿಭಾಗದ ವಿದ್ಯಾರ್ಥಿಗೆ ಅದರಿಂದ ಆಗಬೇಕಾದದ್ದೇನು ಎಂದು ಕೇಳುವವರೂ ಉಂಟು. ನನ್ನ ಮಟ್ಟಿಗೆ ಉತ್ತರ ಸರಳವಾಗಿದೆ. ನಾನು ಅಕ್ಷರ ಕಲಿತದ್ದು ಅರ್ಧ ಶಾಲೆಯಲ್ಲಿ, ಇನ್ನರ್ಧ ಜಾಹೀರಾತಿನ ಗೋಡೆಗಳ ಮೇಲೆ. ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ತಂದೆ ಗೋಡೆ ಬರೆಯುವ ಪೇಂಟರ್. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಆದರೆ ಅವರು ಬರೆಯುವ ‘ಕ್ಷ’ದಂಥ ‘ಕ್ಷ’ವನ್ನು ನಾನು ಅಚ್ಚಿನ ಪುಸ್ತಕದಲ್ಲಿಯೂ ಕಂಡಿಲ್ಲ. ಸಣ್ಣವನಿದ್ದಾಗ ಅವರ ಬಣ್ಣದ ಡಬ್ಬಿ ಹಿಡಿದುಕೊಂಡು ಕುಷ್ಟಗಿ, ಕುಕನೂರು, ಕೊಪ್ಪಳದ ಹಾದಿಗಳಲ್ಲಿ ತಿರುಗಿದ್ದೇನೆ. ಮೊದಲು ಸುಣ್ಣ ಬಳಿಯುವದು, ಅದು ಒಣಗಿದ ಮೇಲೆ ನೂಲಿಗೆ ಬಣ್ಣ ಹಚ್ಚಿ ಎಳೆದು ಬಿಟ್ಟು ಗೆರೆ ಹೊಡೆಯುವದು, ಆಮೇಲೆ ಇದ್ದಲಿಯಿಂದ ಅಕ್ಷರದ ಮೈ ತಿದ್ದುವದು. ನೂಲಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಸಿಮೆಂಟಿನ ‘ಸಿ’, ಗೊಬ್ಬರದ ‘ಗೊ’, ಬೀಜದ ‘ಬೀ’, ಹೀಗೆ ನನ್ನ ಕಾಗುಣಿತ ಸಾಗಿತು.

ಹೋದ ವರ್ಷ ತರಗತಿಯಲ್ಲಿ ನಮ್ಮ ಅಧ್ಯಾಪಕರು ಕೃತಿಗೂ ಕರ್ತೃವಿಗೂ ಇರುವ ಸಂಬಂಧವನ್ನು ವಿವರಿಸುತ್ತಿದ್ದರು. ಕವಿತೆಗೆ ಕವಿ, ಕಾದಂಬರಿಗೆ ಕಾದಂಬರಿಕಾರ, ವಚನಕ್ಕೆ ಅಂಕಿತ. ಆಗ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತು. ಎಂದೂ ಪುಸ್ತಕ ಮುಟ್ಟದ ನನ್ನ ಅವ್ವನೂ ದಿನಕ್ಕೆ ಹತ್ತು ಸಲ ನೋಡುವ, ನೋಡಿ ಗುರುತಿಸುವ, ಗುರುತಿಸಿ ಅಂಗಡಿಯಲ್ಲಿ ಕೇಳುವ ಚಿತ್ರಗಳನ್ನು ಬರೆದವರು ಯಾರು? ಅವುಗಳಿಗೆ ಅಂಕಿತವಿಲ್ಲವೇ? ಆ ಪ್ರಶ್ನೆಯ ಬೆನ್ನು ಹತ್ತಿ ಗ್ರಂಥಾಲಯದಲ್ಲಿ ಓದಿದ್ದನ್ನೂ ಮನೆಯಲ್ಲಿ ಕಂಡದ್ದನ್ನೂ ಕೂಡಿಸಿ ಈ ಲೇಖನ ಬರೆದಿದ್ದೇನೆ. ತಪ್ಪುಗಳಿದ್ದರೆ ತಿಳಿದವರು ತಿದ್ದಬೇಕು.

ಜಾಹೀರು ಎಂಬುದು ಅರಬ್ಬಿಯಿಂದ ಬಂದ ಮಾತು. ಪ್ರಕಟ, ಬಯಲು ಎಂದು ಅದರ ಅರ್ಥ. ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಇಂಥ ಮಾತುಗಳು ಹೊಸವಲ್ಲ. ಆದರೆ ಆ ಮಾತು ಬರುವದಕ್ಕಿಂತ ಮೊದಲೇ ಆ ಕೆಲಸ ನಮ್ಮಲ್ಲಿತ್ತು. ಡಂಗುರ ಸಾರುವವನು ಓಣಿ ಓಣಿಗೆ ನಿಂತು ಮೂರು ಪೆಟ್ಟು ಹೊಡೆದು ‘ಕೇಳ್ರಪೋ ಕೇಳ್ರಿ’ ಎನ್ನುತ್ತಿದ್ದನು. ಜಾತ್ರೆಗೆ ನಾಟಕದ ಕಂಪನಿ ಬಂದರೆ ಕರಪತ್ರ ಹಂಚುವ ಗಾಡಿಯ ಹಿಂದೆ ಹುಡುಗರ ಹಿಂಡು ಓಡುತ್ತಿತ್ತು. ಇಂದಿಗೂ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಧ್ವನಿವರ್ಧಕದಿಂದ ನಾಟಕದ ಹೆಸರು ಕೂಗುವದನ್ನು ಕೇಳಬಹುದು. ಅಲ್ಲಿ ಹೇಳುವವನು ಕಣ್ಣಿಗೆ ಕಾಣುತ್ತಾನೆ. ಸುಳ್ಳು ಹೇಳಿದರೆ ಮರುದಿನ ಅವನನ್ನೇ ಹಿಡಿದು ಕೇಳಬಹುದು. ಹೇಳಿದವನು ಮರೆಯಾಗಿ ಹೇಳಿಕೆ ಮಾತ್ರ ಉಳಿದದ್ದು ಅಚ್ಚಿನ ಜಾಹೀರಾತು ಬಂದ ಮೇಲೆ.

ಕನ್ನಡ ನಾಡಿನಲ್ಲಿ ಇದರ ಕತೆಯನ್ನು ಒಂದು ಸಾಬೂನಿನಿಂದ ಸುರುಮಾಡುವದು ಯೋಗ್ಯ. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಹತ್ತಿದಾಗ ಮೈಸೂರು ಸಂಸ್ಥಾನದ ಗಂಧದ ಕಟ್ಟಿಗೆ ಯುರೋಪಕ್ಕೆ ಹೋಗುವದು ನಿಂತು, ರಾಶಿ ರಾಶಿಯಾಗಿ ಇಲ್ಲಿಯೇ ಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನರಾದ ವಿಶ್ವೇಶ್ವರಯ್ಯನವರೂ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ನಿಶ್ಚಯ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ ೧೯೧೬ರಲ್ಲಿ ಆ ಕೆಲಸ ಸುರುವಾಯಿತು. ಎಣ್ಣೆಯಾದ ಮೇಲೆ ಅದರಿಂದ ಸಾಬೂನೇಕೆ ಮಾಡಬಾರದೆಂಬ ವಿಚಾರ ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ವಿಜ್ಞಾನಿಯನ್ನು ಸಾಬೂನಿನ ವಿದ್ಯೆ ಕಲಿತು ಬರಲು ಇಂಗ್ಲಂಡಿಗೆ ಕಳಿಸಿದರು.

ಶಾಸ್ತ್ರಿಗಳು ಕಲಿತು ಬಂದದ್ದು ಸಾಬೂನು ಮಾಡುವದನ್ನು. ಆದರೆ ಅವರ ಪ್ರತಿಭೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನನಗೆ ಬಹಳ ಸೋಜಿಗದ ಸಂಗತಿ. ಸಾಬೂನೆಂದರೆ ಚೌಕಟ್ಟಾದ ಇಟ್ಟಿಗೆಯಂತೆ ಇದ್ದ ಕಾಲದಲ್ಲಿ ಅವರು ಅದಕ್ಕೆ ಅಂಡಾಕೃತಿ ಕೊಟ್ಟರು. ಅಕ್ಕಸಾಲಿಗರ ಅಂಗಡಿಯಲ್ಲಿ ಒಡವೆ ಸುತ್ತಿ ಕೊಡುವಂಥ ತೆಳುವಾದ ಬಿಳಿ ಕಾಗದದಲ್ಲಿ ಅದನ್ನು ಸುತ್ತಿಸಿದರು. ಒಡವೆಯ ಪೆಟ್ಟಿಗೆಯಂಥ, ಹೂಬಳ್ಳಿಯ ಚಿತ್ರವಿರುವ ಡಬ್ಬಿಯಲ್ಲಿಟ್ಟರು. ಲಾಂಛನವೆಂದು ಶರಭವನ್ನು ಆರಿಸಿದರು; ಸಿಂಹದ ಮೈ, ಆನೆಯ ತಲೆಯುಳ್ಳ, ಗುಡಿಯ ಕಂಬಗಳ ಮೇಲಿರುವಂಥ ಪ್ರಾಣಿ. ಆಮೇಲೆ ಪ್ರಚಾರ. ಊರೂರಿಗೆ ಬಣ್ಣದ ಫಲಕಗಳು ಎದ್ದವು. ಟ್ರಾಮಿನ ಟಿಕೇಟಿನ ಮೇಲೆ, ಕಡ್ಡಿಪೆಟ್ಟಿಗೆಯ ಮೇಲೆ ಸಾಬೂನಿನ ಚಿತ್ರ ಬಂತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ತೆಗೆಸಿದರಂತೆ! ಮೈಸೂರಿನಲ್ಲಿ ಅಂಬಾರಿ, ಕರಾಚಿಯಲ್ಲಿ ಒಂಟೆ. ಯಾವ ಊರಿಗೆ ಯಾವ ಪ್ರಾಣಿ ಎಂಬ ವಿವೇಕ ನೋಡಿರಿ.

ಇದರಲ್ಲಿರುವ ಯುಕ್ತಿಯನ್ನು ಸ್ವಲ್ಪ ಬಿಡಿಸಿ ನೋಡುವಾ. ಕೊಳೆ ತೆಗೆಯುವ ಪದಾರ್ಥವನ್ನು ಕೊಳೆ ತೆಗೆಯುವದೆಂದು ಅವರು ಹೇಳಲಿಲ್ಲ. ಅದನ್ನು ಒಡವೆಯ ಸಾಲಿನಲ್ಲಿ ಕೂಡ್ರಿಸಿದರು. ಡಬ್ಬಿ ತೆರೆಯುವ ಕೈ ತನಗರಿವಿಲ್ಲದೆ ಒಡವೆಯ ಪೆಟ್ಟಿಗೆ ತೆರೆಯುವ ಮರ್ಯಾದೆಯಿಂದ ಅದನ್ನು ತೆರೆಯುತ್ತದೆ. ಎರಡನೆಯದಾಗಿ, ಜನರು ಜಾಹೀರಾತು ನೋಡಲು ಬರಲೆಂದು ಕಾಯದೆ, ಜನರ ಕೈ ದಿನವೂ ಹೋಗುವ ಸ್ಥಳಕ್ಕೇ ಜಾಹೀರಾತನ್ನು ಕಳಿಸಿದರು. ಬೀಡಿ ಹಚ್ಚುವವನೂ ಒಲೆ ಹೊತ್ತಿಸುವವಳೂ ಕಡ್ಡಿಪೆಟ್ಟಿಗೆ ಮುಟ್ಟಲೇಬೇಕಲ್ಲವೇ?

ಫಲವೇನಾಯಿತು? ೧೯೫೬ಕ್ಕಿಂತ ಮೊದಲು ನಾವು ಕೊಪ್ಪಳ, ಗಂಗಾವತಿಯವರು ಹೈದರಾಬಾದಿನವರು. ಮೈಸೂರು ನಮಗೆ ಪರರಾಜ್ಯ. ಇಂದು ಆ ಮೈಸೂರಿನ ಸಾಬೂನನ್ನು ‘ನಮ್ಮ ಸಾಬೂನು’ ಎನ್ನುತ್ತೇವೆ. ೨೦೦೬ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದೇ ವರ್ಷ ಕ್ರಿಕೆಟ್ ಆಟಗಾರ ಧೋನಿ ಅದರ ಪ್ರಚಾರದ ರಾಯಭಾರಿಯಾದರು. ೨೦೨೫ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಎಂಬ ಚಿತ್ರನಟಿಯನ್ನು ಎರಡು ವರ್ಷಗಳ ಮಟ್ಟಿಗೆ ೬.೨೦ ಕೋಟಿ ರೂಪಾಯಿಗಳಿಗೆ ನೇಮಿಸಿದಾಗ ನಾಡಿನಲ್ಲಿ ದೊಡ್ಡ ಗದ್ದಲವೆದ್ದಿತು. ಕನ್ನಡದ ನಟಿ ಯಾಕಾಗಬಾರದೆಂದು ಒಂದು ಪಕ್ಷ. ಹೊರರಾಜ್ಯಗಳಲ್ಲಿ ಮಾರಾಟ ಹೆಚ್ಚಬೇಕೆಂದು ಸರಕಾರದ ಪಕ್ಷ. ಒಂದು ಸಾಬೂನಿನ ಮುಖ ಯಾರದಿರಬೇಕೆಂದು ಜನ ಜಗಳಾಡಬೇಕಾದರೆ ಅದು ಬರೀ ಸಾಬೂನಾಗಿ ಉಳಿದಿಲ್ಲವೆಂದೇ ಅರ್ಥ. ನಮ್ಮ ಹಾಸ್ಟೇಲಿನಲ್ಲಿಯೂ ಮೂರು ದಿನ ಈ ಚರ್ಚೆ ನಡೆಯಿತು. ಶಾಸ್ತ್ರಿಗಳ ಹೆಸರು ಮಾತ್ರ ಒಬ್ಬರ ಬಾಯಲ್ಲಿಯೂ ಬರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲವೆನ್ನಿ.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ಅಪ್ಪನ ಕುಂಚಗಳೆಲ್ಲ ಇರುವದು ಒಂದು ಹಳೆಯ ಬಣ್ಣದ ಡಬ್ಬಿಯಲ್ಲಿ. ಅದರ ಮೇಲೆ ತಲೆಗೂದಲು ಹಣೆಗೆ ಬಿದ್ದ, ಒಂದು ಕೈಯಲ್ಲಿ ಕುಂಚವನ್ನೂ ಇನ್ನೊಂದರಲ್ಲಿ ಬಣ್ಣದ ಡಬ್ಬಿಯನ್ನೂ ಹಿಡಿದ ತುಂಟ ಹುಡುಗನ ಚಿತ್ರವಿದೆ. ಅವನ ಹೆಸರು ಗಟ್ಟೂ. ಏಶಿಯನ್ ಪೇಂಟ್ಸ್ ಕಂಪನಿಗಾಗಿ ೧೯೫೪ರಲ್ಲಿ ಅವನನ್ನು ಬರೆದವರು ಆರ್. ಕೆ. ಲಕ್ಷ್ಮಣ. ಹೆಸರಿಡುವ ಸಲುವಾಗಿ ಸ್ಪರ್ಧೆ ಏರ್ಪಡಿಸಿ, ಮುಂಬಯಿಯ ಇಬ್ಬರಿಗೆ ೫೦೦ ರೂಪಾಯಿಗಳ ಬಹುಮಾನವನ್ನು ಹಂಚಿದರು. ಲಕ್ಷ್ಮಣರು ಹುಟ್ಟಿದ್ದು ೧೯೨೧ರಲ್ಲಿ, ಮೈಸೂರಿನಲ್ಲಿ. ಕಾದಂಬರಿಕಾರ ಆರ್. ಕೆ. ನಾರಾಯಣರ ತಮ್ಮ. ಮುಂಬಯಿಯ ಜೆ. ಜೆ. ಕಲಾಶಾಲೆಯವರು ಪ್ರವೇಶ ಕೊಡದೆ ಹಿಂದೆ ಕಳಿಸಿದ ಮೇಲೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಮ್ಮ ಹಾಗೆಯೇ ಬಿ.ಎ. ಓದಿದವರು. ರಾಶಿಯವರ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆದವರು. ಮುಂದೆ ಅವರ ‘ಸಾಮಾನ್ಯ ಮನುಷ್ಯ’ ದೇಶಕ್ಕೆಲ್ಲ ಪರಿಚಿತನಾದ.

ಗಟ್ಟೂ ಮಾಡಿದ ಕೆಲಸವೇನೆಂಬುದನ್ನು ನನಗೆ ಪುಸ್ತಕ ಹೇಳಲಿಲ್ಲ, ಅಪ್ಪ ಹೇಳಿದರು. ಬಣ್ಣ ಕೊಳ್ಳುವದು ಮನೆಯ ಯಜಮಾನನಲ್ಲ, ಪೇಂಟರ್. ಹಿಂದಿನ ತಲೆಯ ಪೇಂಟರುಗಳಲ್ಲಿ ಬಹಳ ಮಂದಿಗೆ ಇಂಗ್ಲೀಷು ಬಾರದು. ಕೆಲವರಿಗೆ ಕನ್ನಡವೂ ಅಷ್ಟಕ್ಕಷ್ಟೆ. ಅಂಗಡಿಗೆ ಹೋಗಿ ‘ಆ ಹುಡುಗನ ಡಬ್ಬಿ ಕೊಡ್ರಿ’ ಎಂದರೆ ಸಾಕು. ಕೆಲಸ ಬಲ್ಲವನ ಕೀಳರಿಮೆಯನ್ನು ಆ ಹುಡುಗ ತೆಗೆದನು. ಅದೂ ಅಲ್ಲದೆ ಅವನು ದೊರೆಯಲ್ಲ, ದೇವರಲ್ಲ. ಮೈಗೆಲ್ಲ ಬಣ್ಣ ಮೆತ್ತಿಕೊಂಡ ಕೂಲಿ ಹುಡುಗ. ‘ಅಂವ ನಮ್ಮವಾ ಇದ್ದಂಗ ಇದ್ದ’ ಎಂದು ಅಪ್ಪ ಹೇಳುವಾಗ ಅವರ ದನಿಯಲ್ಲಿ ಬಳಗದವನನ್ನು ನೆನೆದ ಹಾಗಿರುತ್ತದೆ. ೨೦೦೨ರ ಸುಮಾರಿಗೆ ಕಂಪನಿಯವರು ಗಟ್ಟೂನನ್ನು ಕೈಬಿಟ್ಟರು.

ನಾನು ರಜೆಯಲ್ಲಿ ಹೋದಾಗ ಲಕ್ಷ್ಮಣರ ಸಂಗತಿಯನ್ನು ಅಪ್ಪನಿಗೆ ಹೇಳಿದೆ. ಅವರು ಡಬ್ಬಿಯನ್ನು ಸುತ್ತಲೂ ತಿರುಗಿಸಿ ನೋಡಿ, ‘ಅಷ್ಟ ದೊಡ್ಡ ಮನಷ್ಯಾ ಬರದಾನಂದ್ರ ಡಬ್ಬಿ ಮ್ಯಾಲ ಹೆಸರ ಯಾಕ ಇಲ್ಲೋ ತಮ್ಮಾ?’ ಎಂದರು. ಈ ಪ್ರಶ್ನೆಗೆ ನಾನು ಓದಿದ ಯಾವ ಪುಸ್ತಕದಲ್ಲಿಯೂ ಉತ್ತರ ಸಿಗಲಿಲ್ಲ.

ಹೆಸರು ಬರೆದೂ ಕಳೆದುಕೊಂಡವರ ಕತೆ ಇನ್ನೂ ಸ್ವಾರಸ್ಯದ್ದು. ನಮ್ಮ ಜಗುಲಿಯ ಮೇಲೆ ಶಿವಪಾರ್ವತಿಯರ ಒಂದು ಪಟವಿದೆ. ನನ್ನ ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಅದು ಒಂದು ಬೀಡಿ ಕಂಪನಿಯ ಕ್ಯಾಲೆಂಡರಾಗಿತ್ತಂತೆ. ವರ್ಷ ಮುಗಿದ ಮೇಲೆ ತಿಂಗಳುಗಳ ಹಾಳೆಯನ್ನು ಹರಿದು, ಕಂಪನಿಯ ಹೆಸರಿದ್ದ ಅಂಚನ್ನು ಕತ್ತರಿಸಿ, ಚಿತ್ರವನ್ನು ಕಟ್ಟು ಹಾಕಿಸಿದರು. ಆ ಗಳಿಗೆಯಿಂದ ಅದು ಜಾಹೀರಾತಲ್ಲ, ದೇವರು. ಅದಕ್ಕೆ ಐವತ್ತು ವರ್ಷಗಳಿಂದ ವಿಭೂತಿ, ಊದಿನಕಡ್ಡಿ ನಡೆದಿವೆ. ಚಿತ್ರಕಾರರು ರುಜು ಹಾಕುವದು ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ. ಬೀಡಿಯ ಹೆಸರು ಹೋಗುವಾಗ ಬರೆದವನ ಹೆಸರೂ ಕತ್ತರಿಯ ಬಾಯಿಗೆ ಹೋಗಿರಬೇಕು.

ಇಂಥ ಕ್ಯಾಲೆಂಡರ್ ಚಿತ್ರಗಳ ದೊಡ್ಡ ಒಡೆಯರಲ್ಲಿ ಒಬ್ಬರು ನಮ್ಮ ಭಾಗದವರೇ ಎಂಬುದು ನಮ್ಮ ಕಾಲೇಜಿನಲ್ಲಿ ಎಷ್ಟು ಮಂದಿಗೆ ಗೊತ್ತು? ಎಸ್. ಎಂ. ಪಂಡಿತರು, ಅಂದರೆ ಸಾಂಬಾನಂದ ಮೋನಪ್ಪ ಪಂಡಿತರು, ೧೯೧೬ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿದರು. ಮದರಾಸಿನಲ್ಲಿಯೂ ಮುಂಬಯಿಯಲ್ಲಿಯೂ ಚಿತ್ರಕಲೆ ಕಲಿತರು. ಮುಂಬಯಿಯ ಮೆಟ್ರೋ ಚಿತ್ರಮಂದಿರದ ಸಲುವಾಗಿ ಇಂಗ್ಲೀಷ್ ಚಲಚ್ಚಿತ್ರಗಳ ಪ್ರದರ್ಶನ ಫಲಕಗಳನ್ನು ಬರೆದರು. ಬಾಬೂರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ರಕ್ಷಾಪುಟಗಳನ್ನು ಬರೆದರು. ಆಮೇಲೆ ಕ್ಯಾಲೆಂಡರು. ಬಿಸ್ಕೀಟು ಮಾಡುವವರಿಂದ ಹಿಡಿದು ನಾನಾ ಕಂಪನಿಗಳು ವರ್ಷದ ಕೊನೆಗೆ ಹಂಚುವ ಕ್ಯಾಲೆಂಡರುಗಳಿಗೆ ರಾಮಾಯಣ, ಮಹಾಭಾರತ, ಶಾಕುಂತಲಗಳ ಪ್ರಸಂಗಗಳು ಅವರ ಕುಂಚದಿಂದ ಬಂದವು. ೧೯೯೩ರಲ್ಲಿ ತೀರಿಕೊಂಡರು.

ಪಂಡಿತರ ಪೂರ್ವದಲ್ಲಿ ರಾಜಾ ರವಿವರ್ಮರಿದ್ದರು. ೧೮೯೪ರಲ್ಲಿ ಮುಂಬಯಿಯಲ್ಲಿ ಅವರು ತೆಗೆದ ಕಲ್ಲಚ್ಚಿನ ಮುದ್ರಣಾಲಯದಿಂದ ಸರಸ್ವತಿ, ಲಕ್ಷ್ಮಿಯರು ಬಡವರ ಮನೆಗೂ ಬಂದರು. ಆ ಚಿತ್ರಗಳನ್ನು ಕಂಪನಿಗಳು ತಮ್ಮ ಸರಕಿನ ಪ್ರಚಾರಕ್ಕೆ ಬಳಸಿಕೊಂಡವು. ಪಂಡಿತರು ಮಾಡಿದ್ದು ಅದರ ಮುಂದಿನ ಹೆಜ್ಜೆ. ರವಿವರ್ಮರ ದೇವತೆಗಳು ನಿಂತಲ್ಲಿ ನಿಂತಿರುತ್ತಾರೆ, ಭಾವಚಿತ್ರಕ್ಕೆ ಕೂತವರಂತೆ. ಪಂಡಿತರು ಸಿನೆಮಾದಲ್ಲಿ ಪಳಗಿದವರು. ಬೆಳಕನ್ನು ಒಂದು ಪಕ್ಕದಿಂದ ಬಿಡುವದು, ಮೈಕಟ್ಟನ್ನು ಉಬ್ಬಿಸಿ ತೋರಿಸುವದು, ಬಟ್ಟೆ ಗಾಳಿಗೆ ಹಾರುವಂತೆ ಬರೆಯುವದು, ಕಣ್ಣಿನಲ್ಲಿ ಮಿಂಚು ಇಡುವದು, ಇವೆಲ್ಲ ಸಿನೆಮಾ ಫಲಕದ ವಿದ್ಯೆಗಳು. ಆ ವಿದ್ಯೆಯಿಂದ ಅವರು ಭೀಮನನ್ನೂ ಕೃಷ್ಣನನ್ನೂ ಬರೆದರು. ನಾವು ಇಂದು ಕಣ್ಣು ಮುಚ್ಚಿ ಕೃಷ್ಣನೆಂದರೆ ಕಾಣುವ ಮುಖ ಭಾಗವತದಿಂದ ಬಂದದ್ದೋ, ಬಿಸ್ಕೀಟಿನ ಕ್ಯಾಲೆಂಡರಿನಿಂದ ಬಂದದ್ದೋ ಎಂದು ಆಣೆ ಮಾಡಿ ಹೇಳುವದು ಕಷ್ಟ. ಧರ್ಮಶ್ರದ್ಧೆಯುಳ್ಳವರು ಈ ಮಾತಿಗೆ ಸಿಟ್ಟಾಗಬಾರದು. ನನ್ನ ಅಜ್ಜಿಯ ಭಕ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಭಕ್ತಿಗೆ ಒಂದು ಮುಖ ಬೇಕಾಗಿತ್ತು, ಅದನ್ನು ಕೊಟ್ಟವನೊಬ್ಬ ಮನುಷ್ಯನಿದ್ದ ಎಂದಷ್ಟೇ ನನ್ನ ಮಾತು.

ಕಲಬುರ್ಗಿಯಲ್ಲಿ ಪಂಡಿತರ ಹೆಸರಿನ ರಂಗಮಂದಿರವಿದೆ. ಎರಡು ವರ್ಷಗಳ ಹಿಂದೆ ಯುವಜನೋತ್ಸವಕ್ಕೆ ನಾವು ಅಲ್ಲಿಗೆ ಹೋಗಿದ್ದೆವು. ನಾಟಕ ನೋಡಿದೆವು, ಚಹ ಕುಡಿದೆವು, ಬಾಗಿಲಿನ ಮೇಲಿನ ಹೆಸರನ್ನು ಓದಿದೆವು. ಇವರು ಯಾರೋ ಸಂಸ್ಕೃತ ಪಂಡಿತರಿರಬೇಕೆಂದು ನನ್ನ ಗೆಳೆಯ ಅಂದ, ನಾನು ಹೌದೆಂದೆ!

ಕಿನ್ನಾಳ ಇಲ್ಲಿಂದ ಬಹಳ ದೂರವೇನಿಲ್ಲ. ಅಲ್ಲಿಯ ಚಿತ್ರಗಾರರು ತಲೆಮಾರುಗಳಿಂದ ಕಟ್ಟಿಗೆಯಲ್ಲಿ ದೇವರನ್ನೂ ಗೊಂಬೆಗಳನ್ನೂ ಮಾಡಿ ಬಣ್ಣ ಕೊಡುತ್ತ ಬಂದಿದ್ದಾರೆ. ಹಂಪೆಯ ವಿರೂಪಾಕ್ಷ ಗುಡಿಯ ಮಾಳಿಗೆಯ ಚಿತ್ರಗಳು ಅವರ ಹಿರಿಯರವೆಂಬ ಪ್ರತೀತಿಯೂ ಉಂಟು. ನಾನು ಕೈಯಲ್ಲಿ ಹಿಡಿದು ನೋಡಿದ ಯಾವ ಗೊಂಬೆಯ ಮೇಲೂ ಮಾಡಿದವರ ಹೆಸರಿರಲಿಲ್ಲ. ಹೆಸರು ಬರೆಯದಿರುವದು ನಮ್ಮಲ್ಲಿ ಹಳೆಯ ರೂಢಿಯೇ ಇರಬಹುದು. ಆದರೆ ಕಿನ್ನಾಳಕ್ಕೆ ಹೋದರೆ ಮಾಡಿದವನ ಮನೆ ತೋರಿಸುತ್ತಾರೆ. ಜಾಹೀರಾತಿನವನ ಮನೆ ತೋರಿಸುವವರಿಲ್ಲ.

ಅಂಗಡಿಯವರಷ್ಟೇ ಅಲ್ಲ, ಸರಕಾರವೂ ದೊಡ್ಡ ಜಾಹೀರಾತುದಾರನೇ. ಕೆಳಮೊಗವಾದ ಕೆಂಪು ತ್ರಿಕೋನವನ್ನು ನಮ್ಮಲ್ಲಿ ನೋಡದವರಿಲ್ಲ. ೧೯೬೦ರ ದಶಕದಲ್ಲಿ ಕುಟುಂಬ ಯೋಜನೆಯ ಪ್ರಚಾರದ ಹೊಣೆ ಹೊತ್ತಿದ್ದ ದೀಪ್ ತ್ಯಾಗಿ ಎಂಬ ಅಧಿಕಾರಿ ಅದನ್ನು ರೂಪಿಸಿದರು. ಭಾಷೆ ನೂರಾರು, ಓದು ಬಲ್ಲವರು ಕಡಿಮೆ. ಹಳ್ಳಿಯ ಪೇಂಟರ್ ಯಾರೇ ಇರಲಿ, ತಪ್ಪಿಲ್ಲದೆ ಬರೆಯಲು ಬರುವಂಥ ಗುರುತು ಬೇಕಾಗಿತ್ತು. ಮೂರು ಗೆರೆ, ಒಂದು ಬಣ್ಣ. ಇದಕ್ಕಿಂತ ಸುಲಭವಾದದ್ದು ಯಾವದಿದೆ? ತ್ಯಾಗಿಯವರು ೧೯೬೯ರಲ್ಲಿ ತೀರಿಕೊಂಡರು. ತ್ರಿಕೋನ ಪರದೇಶಗಳಿಗೂ ಹೋಯಿತು. ‘ನಾವಿಬ್ಬರು, ನಮಗಿಬ್ಬರು’ ಎಂಬುದು ಅದರ ಜೊತೆಯ ಘೋಷಣೆ. ಕನ್ನಡದ್ದೇ ಆದ ಮತ್ತೊಂದು ಮಾತುಂಟು: ‘ಆರತಿಗೊಬ್ಬಳು, ಕೀರ್ತಿಗೊಬ್ಬ.’ ಅಪ್ಪ ಇದನ್ನು ಎಷ್ಟು ಗೋಡೆಗಳ ಮೇಲೆ ಬರೆದರೋ ಲೆಕ್ಕವಿಲ್ಲ. ಇದರ ಚೆಲುವು ಇದರ ಪ್ರಾಸದಲ್ಲಿದೆ, ಮನೆಯ ಹೆಂಗಸರ ಹರಕೆಯಂತೆ ಕೇಳಿಸುವ ಅದರ ದಾಟಿಯಲ್ಲಿದೆ. ನನ್ನ ಅಜ್ಜಿಗೆ ಏಳು ಮಕ್ಕಳು. ಅವ್ವನಿಗೆ ನಾನು, ನನ್ನ ತಂಗಿ, ಇಬ್ಬರೇ. ಗೋಡೆಯ ಬರಹವೊಂದೇ ಇದಕ್ಕೆ ಕಾರಣವೆಂದರೆ ಅರ್ಥಶಾಸ್ತ್ರದ ಅಧ್ಯಾಪಕರು ಒಪ್ಪಲಿಕ್ಕಿಲ್ಲ. ಆದರೂ ಬರಹದ ಪಾಲು ಇಲ್ಲವೆನ್ನಲಾಗದು.

ಆದರೆ ಆ ಚೆಲುವಿನ ಹೊಟ್ಟೆಯಲ್ಲಿ ಒಂದು ಮುಳ್ಳೂ ಇದೆ. ಆರತಿ ಹಿಡಿಯುವವಳು ಮಗಳು, ಕೀರ್ತಿ ತರುವವನು ಮಗ! ಮಕ್ಕಳ ಸಂಖ್ಯೆಯನ್ನು ತಿದ್ದಿದ ಮಾತು ಮಕ್ಕಳ ಪಾಲನ್ನು ತಿದ್ದಲಿಲ್ಲ. ನನ್ನ ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಗುಣ ತಂದಾಗ ಅವ್ವ ಅಪ್ಪನಿಗೆ, ‘ನೀವು ಗ್ವಾಡಿ ಮ್ಯಾಲ ತೆಪ್ಪ ಬರದೀರಿ ನೋಡ್ರಿ, ಕೀರ್ತಿನೂ ಈಕಿನ ತಂದಾಳ’ ಎಂದಳು. ಅಪ್ಪ ನಕ್ಕರು. ಬರೆದವನು ನಾನಲ್ಲ, ಬರೆಸಿದವರು ಸರಕಾರದವರು ಎಂದರು. ಎಲ್ಲ ಜಾಹೀರಾತುಗಾರರ ಉತ್ತರವೂ ಇದೇ ಎಂಬುದು ನನಗೆ ಆಮೇಲೆ ಹೊಳೆಯಿತು.

ಮುಂಬಯಿಯ ದೊಡ್ಡ ಜಾಹೀರಾತು ಸಂಸ್ಥೆಗಳ ವಿಷಯವನ್ನು ಇಲ್ಲಿ ವಿಸ್ತರಿಸುವದಿಲ್ಲ; ಅವುಗಳ ಕತೆ ಬಲ್ಲವರು ಬಹಳ. ಏರ್ ಇಂಡಿಯಾದ ಮಹಾರಾಜನನ್ನು ೧೯೪೬ರಲ್ಲಿ ಬಾಬಿ ಕೂಕಾ ಎಂಬವರು ಕಲ್ಪಿಸಿ ಉಮೇಶ್ ರಾವ್ ಎಂಬ ಕಲಾವಿದರು ಬರೆದರು. ಅಮೂಲ್ ಬೆಣ್ಣೆಯ ಚುಕ್ಕೆಯಂಗಿಯ ಹುಡುಗಿಯನ್ನು ೧೯೬೬ರಲ್ಲಿ ಸಿಲ್ವೆಸ್ಟರ್ ಡಕುನ್ಹಾ, ಯುಸ್ಟೇಸ್ ಫರ್ನಾಂಡಿಸ್ ಇಬ್ಬರೂ ಕೂಡಿ ತಂದರು. ಆ ಹುಡುಗಿ ಅಂದಿನಿಂದಲೂ ದೇಶದ ಆಗುಹೋಗುಗಳ ಮೇಲೆ ಚೇಷ್ಟೆಯ ಮಾತಾಡುತ್ತ ಬಂದಿದ್ದಾಳೆ. ನನಗೆ ಹೇಳಬೇಕಾದದ್ದು ಬೇರೆ. ಮುಂಬಯಿಯಲ್ಲಿ ಇಂಗ್ಲೀಷಿನಲ್ಲಿಯೋ ಹಿಂದಿಯಲ್ಲಿಯೋ ಹುಟ್ಟಿದ ಮಾತನ್ನು ಕನ್ನಡಕ್ಕೆ ತಿರುಗಿಸಿ ದೂರದರ್ಶನದ ಪೆಟ್ಟಿಗೆಯಲ್ಲಿ ಹೇಳಿಸಿದಾಗ ಅದು ಯಾವ ಊರಿನ ಕನ್ನಡವೂ ಆಗಿರುವದಿಲ್ಲ. ಗಂಗಾವತಿಯ ಅಕ್ಕಿ ಅಂಗಡಿಯಲ್ಲಿ ನಿಂತು ಯಾರೂ ಹಾಗೆ ಮಾತಾಡರು. ತುಟಿ ಒಂದು ಹೇಳುತ್ತದೆ, ದನಿ ಮತ್ತೊಂದು ಹೇಳುತ್ತದೆ. ಇದಕ್ಕಿಂತ ಗಂಗಾವತಿಯ ಗಿರಣಿಯವರು ಅಕ್ಕಿಯ ಚೀಲದ ಮೇಲೆ ಅಚ್ಚು ಹಾಕಿಸುವ ಗಿಳಿ, ಕಮಲಗಳ ಚಿತ್ರಗಳೇ ವಾಸಿ. ಅವು ತಪ್ಪು ಕನ್ನಡ ಆಡುವದಿಲ್ಲ. ಒಳ್ಳೆಯ ಕನ್ನಡ ಬರೆಯಬಲ್ಲ ನಮ್ಮಂಥ ಹುಡುಗರಿಗೆ ಇದೊಂದು ಉದ್ಯೋಗವಾಗಬಹುದೆಂದು ನಮ್ಮ ಮಾರ್ಗದರ್ಶನ ಕೇಂದ್ರದಲ್ಲಿ ಯಾರಾದರೂ ಹೇಳಿದರೆ ಒಳಿತು. ಈ ತನಕ ಹೇಳಿಲ್ಲ.

ಇಷ್ಟು ಹೊತ್ತು ಬರೆದವರ ಹೆಸರು ಮರೆತದ್ದಕ್ಕಾಗಿ ನಾನು ವ್ಯಸನಪಟ್ಟೆ. ಹೆಸರಿಲ್ಲದಿರುವದರ ಇನ್ನೊಂದು ಮಗ್ಗಲನ್ನೂ ಹೇಳದಿದ್ದರೆ ನಾನು ಪ್ರಾಮಾಣಿಕನಾಗಲಾರೆ.

ನಾನು ಐದಾರು ವರ್ಷದವನಿದ್ದಾಗ ಅಪ್ಪನಿಗೆ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ಒಂದು ಪಾನ್ ಮಸಾಲಾ ಕಂಪನಿಯ ಏಜಂಟರು ಬಂದು ನಮ್ಮ ಸುತ್ತಿನ ಹಳ್ಳಿಗಳ ಗೋಡೆಗಳನ್ನೆಲ್ಲ ಬರೆಯಲು ಕೊಟ್ಟರು. ತಂಬಾಕಿನ ಜಾಹೀರಾತನ್ನು ೨೦೦೩ರ ಕಾಯದೆ ನಿಷೇಧಿಸಿತ್ತು. ಆದ್ದರಿಂದ ಗೋಡೆಯ ಮೇಲಿನ ಹೆಸರು ಪಾನ್ ಮಸಾಲಾದ್ದು. ಅದೇ ಹೆಸರಿನ ಗುಟ್ಕಾ ಅಂಗಡಿಯಲ್ಲಿ ತೂಗಾಡುತ್ತಿತ್ತು. ಹೇಳದೆ ಹೇಳುವದು ಈ ವಿದ್ಯೆಯ ಕೊನೆಯ ಮೆಟ್ಟಿಲು. ಅಪ್ಪ ಆ ಕೆಲಸವನ್ನು ಬಹಳ ಅಂದವಾಗಿ ಮಾಡಿದರು. ಹಳದಿ ನೆಲ, ಕೆಂಪು ಅಕ್ಷರ, ಅಕ್ಷರಕ್ಕೆ ಕರಿಯ ನೆರಳು. ನಮ್ಮ ಊರ ಬಸ್ಸು ನಿಲ್ಲುವ ಕಟ್ಟೆಯ ಹಿಂದಿನ ಗೋಡೆಯಂತೂ ಅರ್ಧ ಮೈಲಿಗೆ ಕಾಣುತ್ತಿತ್ತು. ಆ ದುಡ್ಡಿನಿಂದ ನಮ್ಮ ಮನೆಯ ಮೇಲೆ ತಗಡು ಬಿದ್ದವು; ನಾನು ಶಾಲೆಗೆ ಹೊಸ ಚೀಲ ಹಾಕಿಕೊಂಡು ಹೋದೆ.

ನನ್ನ ಕಾಕಾ ಆ ಕಟ್ಟೆಯ ಮೇಲೆ ಕೂತು ಚೀಟು ಹರಿಯುವದನ್ನು ಕಲಿತರು. ಅಣ್ಣನ ಕೈಬರಹದ ಕೆಳಗೇ ಕೂತು. ೨೦೧೩ರ ಮೇ ತಿಂಗಳ ಕೊನೆಗೆ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಚೀಟು, ತಂಬಾಕು ಒಂದು ಚೀಟು ಎಂದು ಬೇರೆ ಬೇರೆ ಕೊಂಡು ಕೈಯಲ್ಲಿಯೇ ಬೆರೆಸಿಕೊಳ್ಳುವವರು ಬೆರೆಸಿಕೊಂಡರು. ೨೦೧೭ರಲ್ಲಿ ಕಾಕಾನಿಗೆ ಬಾಯಿ ತೆರೆಯಲು ಬಾರದಾಯಿತು. ಹುಣ್ಣು ಕ್ಯಾನ್ಸರ್ ಎಂದು ಹುಬ್ಬಳ್ಳಿಯಲ್ಲಿ ಹೇಳಿದರು. ಒಂದು ವರ್ಷ ತುಂಬುವದರೊಳಗೆ ಹೋದರು. ಆಗ ಅವರಿಗೆ ಮೂವತ್ನಾಲ್ಕು ವಯಸ್ಸು.

ಮಣ್ಣು ಮಾಡಿ ಬಂದ ಮೂರನೆಯ ದಿನ ನಸುಕಿನಲ್ಲಿ ಅಪ್ಪ ಸುಣ್ಣದ ಬಕೀಟು ಹಿಡಿದು ಹೊರಟರು. ನಾನು ಹಿಂದೆ ಹೋದೆ. ಕಟ್ಟೆಯ ಹಿಂದಿನ ಗೋಡೆಗೆ ಅವರು ಸುಣ್ಣ ಬಳಿದರು. ಎಣ್ಣೆಯ ಬಣ್ಣದ ಮೇಲೆ ಸುಣ್ಣ ನಿಲ್ಲುವದಿಲ್ಲವೆಂಬುದು ಅವರಿಗೆ ಗೊತ್ತಿದ್ದ ಸಂಗತಿ. ಒಣಗಿದ ಮೇಲೆ ಕೆಂಪು ಮತ್ತೆ ಮೂಡಿತು. ಮತ್ತೊಮ್ಮೆ ಬಳಿದರು. ಸಂಜೆಗೆ ಅದೂ ಮೂಡಿತು. ‘ಯಪ್ಪಾ, ನಿಮ್ಮದೇನ ತಪ್ಪೈತಿ, ನೀವಲ್ಲದಿದ್ರ ಮತ್ತೊಬ್ರು ಬರೀತಿದ್ರು’ ಎಂದೆ. ‘ಮತ್ತೊಬ್ರು ಬರದಿದ್ರ ಇಷ್ಟ ಚಂದ ಬರೀತಿರಲಿಲ್ಲ’ ಎಂದರು. ಆ ಮಾತಿನಲ್ಲಿ ಹೆಮ್ಮೆ ಎಷ್ಟಿತ್ತು, ದುಃಖ ಎಷ್ಟಿತ್ತು ಎಂಬುದನ್ನು ನಾನು ಇಂದಿಗೂ ಬೇರೆ ಮಾಡಲಾರೆ. ಕೊನೆಗೆ ಪೇಟೆಯಿಂದ ಎಣ್ಣೆಬಣ್ಣ ತಂದು, ತಮ್ಮ ಕೈಯಿಂದಲೇ ರೊಕ್ಕ ಕೊಟ್ಟು, ಇಡೀ ಗೋಡೆಯನ್ನು ನೀಲಿ ಮಾಡಿದರು. ಮುಂದೆ ಆ ತರದ ಕೆಲಸ ಬಂದಾಗ ಒಲ್ಲೆನೆಂದರು. ಹಾಗೆಂದದ್ದಕ್ಕೆ ನಷ್ಟವೇನೂ ಹೆಚ್ಚಾಗಲಿಲ್ಲ ಅನ್ನಬೇಕು. ಅಷ್ಟರಲ್ಲಿ ಫ್ಲೆಕ್ಸಿನ ಹಾಳೆಗಳು ಬಂದು ಗೋಡೆ ಬರೆಯುವ ಕೆಲಸವೇ ಅರ್ಧಕ್ಕರ್ಧ ಹೋಗಿತ್ತು. ಒಂದು ದಿನ ಹಿಡಿಯುತ್ತಿದ್ದ ಫಲಕ ಕೊಪ್ಪಳದಲ್ಲಿ ಹತ್ತು ನಿಮಿಷಕ್ಕೆ ಅಚ್ಚಾಗಿ ಬರುತ್ತದೆ. ಅದರಲ್ಲಿ ‘ಹಾರ್ದಿಕ’ಕ್ಕೆ ಅರ್ಕಾವತ್ತು ಎಲ್ಲಿ ಬೀಳಬೇಕೆಂದು ನೋಡುವವರಿಲ್ಲ.

ಈಗ ಅಪ್ಪ ಲಾರಿ, ಟ್ರಾಕ್ಟರುಗಳ ನಂಬರು ಬರೆಯುತ್ತಾರೆ, ಪಂಚಾಯತಿಯ ಗೋಡೆಗಳಿದ್ದರೆ ಬರೆಯುತ್ತಾರೆ. ಹೋದ ಬೇಸಿಗೆಯಲ್ಲಿ ನಮ್ಮ ಊರ ಪ್ರಾಥಮಿಕ ಶಾಲೆಯವರು ಒಂದನೆಯ ಇಯತ್ತೆಯ ಕೋಣೆಯ ನಾಲ್ಕೂ ಗೋಡೆಗಳ ಮೇಲೆ ಅಕ್ಷರಮಾಲೆ ಬರೆಯಲು ಹೇಳಿದರು. ಅ ಅರಸ, ಆ ಆನೆ, ಹೀಗೆ ಚಿತ್ರಸಹಿತ. ನಾನು ರಜೆಯಲ್ಲಿದ್ದೆ, ಬಹಳ ವರ್ಷಗಳ ಮೇಲೆ ಮತ್ತೆ ನೂಲಿನ ತುದಿ ಹಿಡಿದೆ. ಐದು ದಿನದ ಕೆಲಸ ಮುಗಿದ ಮೇಲೆ, ‘ಯಪ್ಪಾ, ಮೂಲ್ಯಾಗ ನಿಮ್ಮ ಹೆಸರ ಬರೀರಿ’ ಎಂದೆ. ಅವರು ಒಲ್ಲೆನೆಂದರು. ಮುಖ್ಯೋಪಾಧ್ಯಾಯರೂ ಆಗ್ರಹ ಮಾಡಿದರು. ಕೊನೆಗೆ ಬಾಗಿಲ ಹಿಂದೆ, ಬಾಗಿಲು ತೆರೆದರೆ ಮುಚ್ಚಿ ಹೋಗುವ ಜಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ ತಮ್ಮ ಹೆಸರನ್ನೂ ಊರನ್ನೂ ಬರೆದರು. ಕುಂಚ ತೊಳೆಯಲು ಕೂತವರು ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಒಳಗೆ ಹೋದರು.

‘ಯಾಕ್ರೀ?’ ಎಂದೆ.

‘ಹೆಸರ ಬರದ ಮ್ಯಾಲ ತೆಪ್ಪ ಇದ್ರ ನನಗ ಬರತೈತಲ್ಲೋ’ ಎಂದು ಏಣಿ ಹತ್ತಿ, ‘ಞ’ದ ಬಾಲವನ್ನು ಹತ್ತಿರದಿಂದ ನೋಡತೊಡಗಿದರು.